ಎರಡನೇ ತಿರುವಿನ ಗೆನ್ಯಾ

ಗೆನ್ಯಾಳ ಎಡಗಣ್ಣಿನ ಕೆಳಗೆ ಸಾಸಿವೆಯಷ್ಟು ಒಂದು ಕರಿ ಚುಕ್ಕೆ ಇದೆ. ಹುಟ್ಟುಮಚ್ಚೆ ಅಂದುಕೊಂಡವರೇ ಹೆಚ್ಚು. ಅದು ಕಲ್ಲಿನ ಚೂರು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು, ಸ್ಟೇಡಿಯಮ್ಮಿನ ಎರಡನೇ ತಿರುವಿನಲ್ಲಿ ರೇಸು ನೋಡುತ್ತಿದ್ದಳು. ಅಲೊಯ್ಸ್ ಬ್ರಿಲಾನ ಹಿಂದಿನ ಚಕ್ರ ಎಸೆದ ಜಲ್ಲಿಪುಡಿ ಮುಖಕ್ಕೆ ಬಡಿಯಿತು, ಒಂದು ಚೂರು ಚರ್ಮದೊಳಗೇ ಉಳಿಯಿತು. ಅಮ್ಮ ಸೂಜಿ ತಂದರೆ ಇವಳು ಮನೆ ಹಾರಿಹೋಗುವಂತೆ ಅತ್ತಳಂತೆ. ನೋವಿಗಲ್ಲ, ಅದನ್ನು ತೆಗೆದುಬಿಡುತ್ತಾರಲ್ಲ ಅಂತ.

ಇಂಥ ಹುಚ್ಚು ನಮ್ಮ ಓಲ್ಶಿನ್ ಊರಿನಲ್ಲಿ ಇವಳೊಬ್ಬಳಿಗೇ ಹಿಡಿದದ್ದಲ್ಲ. ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಸ್ಟೇಡಿಯಂ. ಬೆಳಗಿನದಕ್ಕೆ ತಡವಾಗಿ ಹೋದರೆ ನಡೆಯುತ್ತಿತ್ತು.

ಸ್ಪೀಡ್‌ವೇ ಅಂದರೆ ಇಷ್ಟೇ. ನಾಲ್ಕು ಜನ, ತಂಡಕ್ಕೆ ಇಬ್ಬರಂತೆ, ನಾಲ್ಕು ಸುತ್ತು. ಬೈಕಿಗೆ ಬ್ರೇಕಿಲ್ಲ, ಗೇರು ಒಂದೇ, ತಿರುಗುವುದೆಲ್ಲ ಎಡಕ್ಕೆ. ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಂಡು ನೆಲಕ್ಕೆ ಉಜ್ಜುತ್ತ, ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತ ತಿರುವು ದಾಟಬೇಕು. ಒಂದು ಓಟ ಶುರುವಾಗಿ ಮುಗಿಯುವಷ್ಟರಲ್ಲಿ ಒಂದು ಸಿಗರೇಟೂ ಮುಗಿಯುವುದಿಲ್ಲ. ಹೊರಗಿನಿಂದ ಬಂದ ನೆಂಟರು "ಇಷ್ಟೇನಾ?" ಅನ್ನುತ್ತಾರೆ. ಅವರನ್ನು ಎರಡನೇ ತಿರುವಿನಲ್ಲಿ ಬೇಲಿಗೆ ಒತ್ತಿ ನಿಲ್ಲಿಸಬೇಕು. ಎಂಜಿನ್ನಿಗೆ ಹಾಕಿದ ಹರಳೆಣ್ಣೆ ಸುಟ್ಟ ವಾಸನೆ ಮೂಗಿಗೆ ಹತ್ತಿ, ಬಿಯರ್ ಲೋಟದೊಳಕ್ಕೆ ಕಪ್ಪು ಪುಡಿ ಬಿದ್ದು, ಹಲ್ಲಿನ ನಡುವೆ ಕರಕರ ಅಂದಾಗ ನೆಂಟರು ಬಾಯಿ ಮುಚ್ಚುತ್ತಾರೆ. ಮುಂದಿನ ವರ್ಷ ಕರೆಯದೆಯೇ ಬರುತ್ತಾರೆ.

ಅಲೊಯ್ಸ್ ಬ್ರಿಲಾ ಆ ಕಾಲದ ನಮ್ಮ ದೇವರು. ಹೆಗಲ ಮೂಳೆ ಮುರಿದುಕೊಂಡು, ಸೊಂಟದ ಬೆಲ್ಟಿನಿಂದ ತೋಳನ್ನು ಎದೆಗೆ ಬಿಗಿದುಕೊಂಡು ಓಡಿಸಿದ್ದಾನೆ. ಸ್ವೀಡನ್ನಿನವನೊಬ್ಬ ಒಳಗಿನಿಂದ ಹಾಯಲು ಬಂದಾಗ ಇವನು ಹೊರಗೆ, ಬೇಲಿಯ ಹಲಗೆಗೆ ಮೊಣಕೈ ಉಜ್ಜುವಷ್ಟು ಹೊರಗೆ ಹೋಗಿ ಮುಂದಾದ. ಅವತ್ತಿನಿಂದ ಊರಿನ ಎಲ್ಲ ಹುಡುಗರೂ ಸೈಕಲ್ಲನ್ನು ಹಾಗೇ ಓಡಿಸಿ ಮಂಡಿ ಒಡೆದುಕೊಂಡರು. ವಯಸ್ಸಾದ ಮೇಲೆ ಕ್ಲಬ್ಬು ಅವನಿಗೆ ಒಂದು ಗಡಿಯಾರ ಕೊಟ್ಟು ಕೈ ಮುಗಿಯಿತು. ಆಮೇಲೆ ನಮ್ಮ ಎರಕದ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕಾಯುತ್ತಿದ್ದ. ಕೈ ನಡುಗಿ ಸಿಗರೇಟು ಹಚ್ಚಲಾಗುತ್ತಿರಲಿಲ್ಲ. ಪಾಳಿಗೆ ಹೋಗುವಾಗ ಗೆನ್ಯಾ ಹಚ್ಚಿ ಕೊಡುತ್ತಿದ್ದಳು.

"ನೋಡಿದ್ಯಾ ಲುದ್ವಿಕ್, ಇವರಿಗೆ ಮನುಷ್ಯ ಬೇಡ, ಚಕ್ರ ಬೇಕು ಅಷ್ಟೆ," ಅಂತ ಒಮ್ಮೆ ನನಗಂದಳು. ಅಂದವಳೇ ಆ ಭಾನುವಾರವೂ ಹೋದಳು.

ಗೆನ್ಯಾ ಮತ್ತು ನಾನು ಒಂದೇ ಎರಕದ ಮನೆಯವರು. ನಾನು ಕುಲುಮೆಯ ಹತ್ತಿರ, ಅವಳು ಮರಳಿನ ಅಚ್ಚು ಮಾಡುವ ಹೆಂಗಸರ ಸಾಲಿನಲ್ಲಿ. ಒದ್ದೆ ಮರಳನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಬೆರಳಿನ ಗುರುತು ನಿಲ್ಲಬೇಕು, ಅಂಗೈಗೆ ನೀರು ಅಂಟಬಾರದು, ಅದು ಹದ. ನಮ್ಮ ಕಾರ್ಮಿಕರ ಸಮಿತಿಯ ಮುಂದಾಳು ರೊಮುವಾಲ್ದ್ ಕುಲ್ಪಾ, ನಮಗೆಲ್ಲ ರೊಮೆಕ್. ಕಾರ್ಖಾನೆಯಲ್ಲಿ ಮುಷ್ಕರ ಹೂಡಿದವನು ಅವನು. ಮುಷ್ಕರ ಮುರಿಯಲು ಸರ್ಕಾರ ಸೈನ್ಯವನ್ನು ಬೀದಿಗಿಳಿಸಿದ ಆ ಚಳಿಗಾಲದಲ್ಲಿ ಅವನೂ ನಾನೂ ಒಂದೇ ಕೋಣೆಯಲ್ಲಿ ಜೈಲೂಟ ತಿಂದೆವು. ಅವನ ಮುಂದಿನ ಹಲ್ಲುಗಳು ಪೊಲೀಸಿನವರ ಲೆಕ್ಕಕ್ಕೆ ಹೋದವು. ಇದನ್ನು ಯಾಕೆ ಹೇಳುತ್ತೇನೆಂದರೆ, ಅವನು ಹುಟ್ಟಾ ಲಫಂಗ ಅಂತ ನಾಳೆ ಯಾರೂ ಅನ್ನಬಾರದು. ಲಫಂಗ ಮೋಸ ಮಾಡಿದರೆ ಅದನ್ನು ಬರೆಯುವ ಅಗತ್ಯವೇ ಇಲ್ಲ.

ಜೈಲಿನಿಂದ ಬಂದ ಮೇಲೆ ಗುಟ್ಟಾಗಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ನಮ್ಮದೊಂದು ನಿಯಮವಿತ್ತು. ಸಮಿತಿಯವನು ಬಂದು ಇದನ್ನು ಮಾಡು ಅಂದರೆ ಮಾಡಬೇಕು. ಯಾಕೆ ಅಂತ ಕೇಳಬಾರದು. ಗೊತ್ತಿಲ್ಲದವನನ್ನು ಎಷ್ಟು ಬಡಿದರೂ ಅವನ ಬಾಯಿಂದ ಏನೂ ಉದುರುವುದಿಲ್ಲ. ಒಮ್ಮೆ ರೊಮೆಕ್ ಮರಳಿನ ಮೂಟೆಯೊಂದನ್ನು ತೋರಿಸಿ, "ಮೂರನೇ ಗೇಟಿಗೆ ಹೊತ್ಕೊಂಡು ಹೋಗು. ಯಾಕೆ ಅಂತ ಕೇಳ್ಬೇಡ," ಅಂದ. ಗೆನ್ಯಾ ಹೊತ್ತಳು. ಅದರೊಳಗೆ ಕರಪತ್ರ ಅಚ್ಚು ಹಾಕುವ ಯಂತ್ರದ ಅರ್ಧ ಇತ್ತು. ಮೂಟೆ ತಲುಪಿತು, ಅವಳು ವಾಪಸು ಬರುವಾಗ ಸಿಕ್ಕಿಬಿದ್ದಳು. ಠಾಣೆಯಲ್ಲಿ ಏನು ಮಾಡಿದರೋ ಅವಳು ಇವತ್ತಿಗೂ ಹೇಳಿಲ್ಲ. ಮೂಟೆಯಲ್ಲೇನಿತ್ತು ಅಂತ ಕೇಳಿದ್ದಕ್ಕೆ "ಮರಳು" ಅಂದಳಂತೆ. ಅವಳ ಮಟ್ಟಿಗೆ ಅದು ನಿಜ. ಹಾಗಾಗಿ ನಾವು ಹತ್ತಾರು ಜನ ಉಳಿದೆವು. ಆ ನಿಯಮ ಅವಳ ಎಲುಬಿಗೆ ಇಳಿಯಿತು. ನಮ್ಮೆಲ್ಲರಿಗೂ.

ಆಮೇಲೆ ನಾವು ಗೆದ್ದೆವು, ಆ ಸರ್ಕಾರವೇ ಬಿತ್ತು. ಗೆದ್ದ ಕೆಲವೇ ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ನಗಬೇಡಿ, ನಾವೇ ಸಾಕಷ್ಟು ನಕ್ಕಿದ್ದೇವೆ. ಸ್ಪೀಡ್‌ವೇ ತಂಡವೂ ಆ ವರ್ಷವೇ ಮೇಲಿನ ಲೀಗಿನಿಂದ ಕೆಳಕ್ಕೆ ಬಿತ್ತು. ರೊಮೆಕ್ ಮೊದಲು ಕಬ್ಬಿಣದ ಗುಜರಿ, ಆಮೇಲೆ ಕಿಟಕಿ ಚೌಕಟ್ಟಿನ ವ್ಯಾಪಾರ ಮಾಡಿ, ಮುಂದೆ ಕ್ಲಬ್ಬಿನ ಅಧ್ಯಕ್ಷನಾದ. ಕೆಲಸವಿಲ್ಲದೆ ಕೂತಿದ್ದ ಗೆನ್ಯಾಳನ್ನು ಅವನೇ ಕರೆದು ಟ್ರ್ಯಾಕಿನ ಉಸ್ತುವಾರಿ ಕೊಟ್ಟ. "ಹೆಂಗಸು ಟ್ರ್ಯಾಕ್ ಮಾಡ್ತಾಳಂತೆ, ಇನ್ನು ಬೈಕಿಗೆ ಏಪ್ರನ್ ಕಟ್ಟಿ," ಅಂತ ಗಂಡಸರು ನಕ್ಕರು. ಒಂದು ಸೀಸನ್ ಕಳೆಯುವಷ್ಟರಲ್ಲಿ ನಗು ನಿಂತಿತು.

ಪ್ರತಿ ಊರೂ ತನ್ನ ಸವಾರರಿಗೆ ಒಗ್ಗುವ ಹಾಗೆ ಟ್ರ್ಯಾಕ್ ಮಾಡಿಕೊಳ್ಳುತ್ತದೆ. ಇದರಲ್ಲಿ ಮೋಸವಿಲ್ಲ. ಮನೆಯ ಅಡುಗೆ ಇರುವುದು ಮನೆಯವರ ನಾಲಿಗೆಗೆ. ನಮ್ಮವರಿಗೆ ಸಡಿಲ ನೆಲ ಬೇಕು. ಹೊರಬದಿಯಲ್ಲಿ ಒದ್ದೆ ಪುಡಿ ದಪ್ಪಗೆ ಕೂತಿರಬೇಕು, ಬೇಲಿಯ ಪಕ್ಕದಿಂದ ಚಕ್ರ ಕಚ್ಚಿಕೊಂಡು ಹಾಯಬೇಕು. ಅಲೊಯ್ಸ್ ಕಲಿಸಿದ ದಾರಿ ಅದು. ನದಿಯಾಚೆಯ ಗ್ರಾಬೊವ್‌ನವರಿಗೆ ಸಿಮೆಂಟಿನಂಥ ಗಟ್ಟಿ ನೆಲ ಬೇಕು. ಅಲ್ಲಿ ಶುರುವಿನ ಗೆರೆಗೆ ಅಡ್ಡ ಕಟ್ಟಿದ ಟೇಪು ಮೇಲೆದ್ದಾಗ ಯಾರು ಮುಂದೆ ನೆಗೆದರೋ ಅವರೇ ಗೆದ್ದ ಹಾಗೆ, ಉಳಿದ ಮೂವರು ಮೆರವಣಿಗೆ. ಗ್ರಾಬೊವ್‌ನವರನ್ನು ಕಂಡರೆ ನಮಗೆ ಯಾಕಾಗುವುದಿಲ್ಲ ಅಂತ ಕೇಳಬೇಡಿ. ಅವರಿಗೂ ಗೊತ್ತಿಲ್ಲ.

ಗೆನ್ಯಾ ಹಿಂದಿನ ಸಂಜೆಯೇ ಟ್ಯಾಂಕರಿನಿಂದ ನೀರುಣಿಸಿ, ಬೆಳಿಗ್ಗೆ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಹೊಡೆದು, ಹೊರಬದಿಯ ಪುಡಿಯನ್ನು ಮುಷ್ಟಿಯಲ್ಲಿ ಹಿಚುಕಿ ನೋಡುತ್ತಿದ್ದಳು. ಪಂದ್ಯ ಶುರುವಾದ ಮೇಲೆ ಕೆಲಸದ ಜಾಗದಲ್ಲಿ ಕೂರುತ್ತಿರಲಿಲ್ಲ. ಎರಡನೇ ತಿರುವಿಗೆ ಬಂದು ನಮ್ಮ ಜತೆ ನಿಲ್ಲುತ್ತಿದ್ದಳು. ಅವಳಿಗೆ ಅಲ್ಲಿ ಜಾಗ ಬಿಟ್ಟಿರುತ್ತಿದ್ದರು. ಸಾಸೇಜು, ಬಿಯರು ಕೈಯಿಂದ ಕೈಗೆ ಬರುತ್ತಿತ್ತು. "ಚಿಕ್ಕಮ್ಮ, ಇವತ್ತು ಹೇಗಿದೆ?" "ಹೋಗಿ ನೆಕ್ಕಿ ನೋಡು." ಅಷ್ಟೇ ಮಾತು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ನಮ್ಮ ತಂಡ ಮತ್ತೊಮ್ಮೆ ಮೇಲಿನ ಲೀಗಿನಲ್ಲಿ ಓಡುವುದನ್ನು ನೋಡಬೇಕು ಅನ್ನುವುದೊಂದೇ ಅವಳ ಆಸೆ, ಅದನ್ನು ಎಲ್ಲರೆದುರೂ ಹೇಳುತ್ತಿದ್ದಳು.

ಆಗ ನಮ್ಮ ಒಳ್ಳೆಯ ಸವಾರ ವಿತೆಕ್. ಗೆನ್ಯಾಳ ಎದುರು ಮನೆಯವನು. ಅವನ ತಾಯಿ ಜರ್ಮನಿಗೆ ಮನೆಗೆಲಸಕ್ಕೆ ಹೋದಾಗ ಗೆನ್ಯಾಳ ಸೌತೆಕಾಯಿ ಸೂಪು ಕುಡಿದೇ ಬೆಳೆದ. ಹೊರಬದಿಯಲ್ಲಿ ಅವನು ಹಾಯುವುದನ್ನು ನೋಡಿ ಮುದುಕರು "ಅಲೊಯ್ಸ್" ಅಂತ ಗೊಣಗುತ್ತಿದ್ದರು.

ಆ ಶರತ್ಕಾಲದಲ್ಲಿ ಮೇಲಿನ ಲೀಗಿಗೆ ಹತ್ತುವ ಕೊನೆಯ ಪಂದ್ಯ ಬಂತು, ಅದೂ ಗ್ರಾಬೊವ್ ಜತೆ. ಅವರ ಊರಿನಲ್ಲಿ ಸ್ವಲ್ಪದರಲ್ಲಿ ಸೋತು ಬಂದಿದ್ದೆವು. ನಮ್ಮ ಊರಿನಲ್ಲಿ ಅದಕ್ಕಿಂತ ಹೆಚ್ಚಿನ ಅಂತರದಲ್ಲಿ ಗೆದ್ದರೆ ಸಾಕು. ನಮ್ಮ ಟ್ರ್ಯಾಕಿನಲ್ಲಿ ಆ ವರ್ಷ ಯಾರೂ ನಮ್ಮನ್ನು ಸೋಲಿಸಿರಲಿಲ್ಲ. ಊರಿನ ಕಟುಕ ಮುಂಗಡವಾಗಿ ಹಂದಿ ಕಡಿದಿದ್ದ.

ಹಿಂದಿನ ದಿನ ಮಧ್ಯಾಹ್ನ ಗೆನ್ಯಾ ಟ್ಯಾಂಕರು ತುಂಬಿಸುತ್ತಿದ್ದಾಗ ರೊಮೆಕ್ ಬಂದ. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

"ಗೆನ್ಯಾ, ನೀರು ಬೇಡ."

"ಏನಂದೆ? ಆಕಾಶ ನೋಡು, ಬಿಸಿಲು ಹೆಂಗೆ ಕಾರ್ತಾ ಇದೆ."

"ಹೊರಗಿನ ಸಡಿಲ ಪುಡಿಯೆಲ್ಲ ಕೆರೆದು ಒಳಗೆ ತಳ್ಳಿಬಿಡು. ಮೇಲೆ ರೋಲರ್ ಹೊಡಿ. ಗಟ್ಟಿ ಆಗ್ಬೇಕು."

"ಗಟ್ಟಿ ಆದ್ರೆ ವಿತೆಕ್ ಏನ್ ಮಾಡ್ತಾನೆ, ಜಾರುಬಂಡೆ ಆಡ್ತಾನಾ?"

ರೊಮೆಕ್ ಅವಳ ಭುಜದ ಮೇಲೆ ಕೈ ಇಟ್ಟ. "ಯಾಕೆ ಅಂತ ಕೇಳ್ಬೇಡ."

ಅವಳು ಕೇಳಲಿಲ್ಲ. ಬೇರೆ ಯಾವ ಊರಿನ ಟ್ರ್ಯಾಕಿನವನಾದರೂ ಕೇಳುತ್ತಿದ್ದ, ಜಗಳ ತೆಗೆಯುತ್ತಿದ್ದ, ಕುಂಟೆ ಬಿಸಾಕಿ ಹೋಗುತ್ತಿದ್ದ. ನಾವು ಕೇಳದೆ ಇದ್ದುದರಿಂದ ಬದುಕಿ ಉಳಿದವರು. ಗೆನ್ಯಾಳಿಗೆ ಅದರಲ್ಲಿ ಖುಷಿಯೂ ಆಯಿತಂತೆ. ಗ್ರಾಬೊವ್‌ನವರು ನಮ್ಮ ಸಡಿಲ ನೆಲಕ್ಕೆ ಅಂತಲೇ ಬೈಕು ಸಿದ್ಧ ಮಾಡಿಕೊಂಡು ಬರುತ್ತಾರೆ, ಇಲ್ಲಿ ನೋಡಿದರೆ ಕಲ್ಲು, ಕಕ್ಕಾಬಿಕ್ಕಿಯಾಗುತ್ತಾರೆ. ನಮ್ಮ ಹುಡುಗರಿಗೆ ರೊಮೆಕ್ ಗುಟ್ಟಾಗಿ ಹೇಳಿರುತ್ತಾನೆ. ಹೀಗೆ ತಾನೇ ಕಾರಣ ಕಟ್ಟಿಕೊಂಡು, ಕತ್ತಲಾಗುವವರೆಗೂ ರೋಲರ್ ಎಳೆದು ಟ್ರ್ಯಾಕನ್ನು ಚಪ್ಪಡಿ ಮಾಡಿಟ್ಟಳು.

ಪಂದ್ಯದ ದಿನ ಎರಡನೇ ತಿರುವಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಓಟದಲ್ಲಿ ಗ್ರಾಬೊವ್‌ನ ಇಬ್ಬರೂ ಟೇಪಿನಿಂದ ನೆಗೆದು ಹೊರಟೇಹೋದರು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ವಿತೆಕ್ ತನ್ನ ಅಭ್ಯಾಸದಂತೆ ಹೊರಗೆ ಹೋದ. ಅಲ್ಲಿ ಕಚ್ಚಲು ಏನೂ ಇರಲಿಲ್ಲ. ಚಕ್ರ ಸುಮ್ಮನೆ ತಿರುಗಿತು, ಬೈಕು ಅಡ್ಡಬಿದ್ದು ಅವನನ್ನು ಬೇಲಿಗೆ ಎಸೆಯಿತು. ಎದ್ದು ಬಂದ. ನಮ್ಮ ಮುಖಕ್ಕೆ ಒಂದೇ ಒಂದು ಕಲ್ಲು ಬೀಳಲಿಲ್ಲ. ಬರೀ ಬಿಳಿ ಧೂಳು, ರಸ್ತೆಯ ಧೂಳಿನ ಹಾಗೆ. ಜನ ಮುಖ ಒರೆಸಿ ಕೈ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಗೆನ್ಯಾಳ ಕಡೆ ತಿರುಗಿದರು.

"ಏನಿದು ಚಿಕ್ಕಮ್ಮ? ನೀರಿನ ಬಿಲ್ ಕಟ್ಟಿಲ್ವಾ?"

"ತಡಿ, ತಡಿ," ಅಂದಳು. ಅವಳ ಮುಖ ಇನ್ನೂ ಧೈರ್ಯವಾಗಿಯೇ ಇತ್ತು.

ಬಿಡುವಿನಲ್ಲಿ ವಿತೆಕ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ಬಂದ. "ಚಿಕ್ಕಮ್ಮ, ಇದೇನ್ ಮಾಡಿಟ್ಟಿದ್ದೀಯ? ನೀರು ಹಾಕು. ನಿನ್ ದಮ್ಮಯ್ಯ, ನೀರು ಹಾಕು."

"ನಿಂಗೆ ರೊಮೆಕ್ ಏನೂ ಹೇಳಿಲ್ವಾ?"

"ಏನ್ ಹೇಳ್ಬೇಕಿತ್ತು?"

ಅಷ್ಟು ದಪ್ಪ ಹೆಂಗಸು ಅಷ್ಟು ಜೋರಾಗಿ ಓಡಿದ್ದನ್ನು ನಾನು ಆವತ್ತೇ ನೋಡಿದ್ದು. ಬಿಡುವಿನಲ್ಲಿ ನೀರು ಹಾಕಲು ಅಂಪೈರಿನ ಅಡ್ಡಿಯಿಲ್ಲ, ಯಾವತ್ತೂ ಹಾಕುವುದೇ. ಟ್ಯಾಂಕರು ನಿಂತಿತ್ತು, ತುಂಬಿತ್ತು. ಕೀಲಿ ಇರಲಿಲ್ಲ. ಆ ಕೀಲಿ ಯಾವತ್ತೂ ಗಾಡಿಯಲ್ಲೇ ಇರುತ್ತಿತ್ತು. ಆ ಹಳೆಯ ಡಬ್ಬವನ್ನು ಕದಿಯುವಷ್ಟು ಬಡವರು ನಮ್ಮೂರಿನಲ್ಲೂ ಇರಲಿಲ್ಲ. ಗೆನ್ಯಾ ಅತಿಥಿಗಳ ಕಟ್ಟೆ ಹತ್ತಿದಳು, ನಾನು ಹಿಂದೆ. ರೊಮೆಕ್ ಗ್ರಾಬೊವ್‌ನ ಅಧ್ಯಕ್ಷನ ಪಕ್ಕ ಕೂತು ಸಾಸೇಜಿಗೆ ಸಾಸಿವೆ ಹಚ್ಚಿಕೊಳ್ಳುತ್ತಿದ್ದ.

"ಕೀಲಿ ಕೊಡು."

ಅವನು ಸಾಸೇಜಿನಿಂದ ಕಣ್ಣೆತ್ತಲಿಲ್ಲ. "ಕೇಳ್ಬೇಡ ಅಂದಿದ್ನಲ್ಲ, ಗೆನ್ಯಾ."

ಅವಳು ಆಗ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಊರು ಕೇಳಿಸಿಕೊಳ್ಳುತ್ತಿತ್ತು. ಕೆಳಗಿಳಿದು ಪಾಯಿಖಾನೆಯ ಪಕ್ಕದ ನಲ್ಲಿಯಿಂದ ಎರಡು ಬಕೆಟ್ ತುಂಬಿಸಿದಳು. ಟ್ರ್ಯಾಕಿನ ಹೊರಬದಿಗೆ ಹೋಗಿ ಸುರಿದಳು. ಮತ್ತೆ ಬಂದು ತುಂಬಿಸಿದಳು. ಅಷ್ಟು ದೊಡ್ಡ ಟ್ರ್ಯಾಕಿಗೆ ಬಕೆಟ್ ನೀರು ಅಂದರೆ ಉರಿಯುವ ಮನೆಗೆ ಉಗುಳಿದ ಹಾಗೆ. ಸ್ಟೇಡಿಯಂ ತುಂಬ ಶಿಳ್ಳೆ. ಯಾರೋ "ಮುದುಕಿ ಕುಡಿದಿದ್ದಾಳೆ" ಅಂದ, ಅದು ಬಾಯಿಂದ ಬಾಯಿಗೆ ಹರಡಿತು. ಅಂಪೈರು ಮೈಕಿನಲ್ಲಿ ಅವಳ ಹೆಸರು ಹೇಳಿ ಹೊರಗೆ ಹೋಗಲು ಆಜ್ಞೆ ಮಾಡಿದ. ಇಬ್ಬರು ಕಾವಲಿನವರು ಅವಳ ತೋಳು ಹಿಡಿದು ನಡೆಸಿಕೊಂಡು ಹೋದರು. ಬಕೆಟ್ಟೊಂದು ಟ್ರ್ಯಾಕಿನಲ್ಲೇ ಉರುಳುತ್ತಿತ್ತು.

ನಾವು ಸೋತೆವು. ಅಂತರ ಹೇಳುವುದಿಲ್ಲ, ನಾಚಿಕೆ.

ಸೋಮವಾರ ನಾವಿಬ್ಬರೂ ರೊಮೆಕ್‌ನ ಕಚೇರಿಗೆ ಹೋದೆವು. ಅವನು ಬಾಗಿಲು ಹಾಕಿ, ಮೂರು ಲೋಟಕ್ಕೆ ವೋಡ್ಕಾ ಬಗ್ಗಿಸಿದ. ನಾವು ಮುಟ್ಟಲಿಲ್ಲ.

"ಮೇಲಕ್ಕೆ ಹೋಗಿದ್ರೆ ಒಂದೇ ವರ್ಷದಲ್ಲಿ ಸಾಯ್ತಿದ್ವಿ," ಅಂದ ನೇರವಾಗಿ. "ಅಲ್ಲಿನ ಖರ್ಚು ನಮ್ಮ ತಾಕತ್ತಲ್ಲ. ಕ್ಲಬ್ಬು ದಿವಾಳಿ ಆಗಿ ಸ್ಟೇಡಿಯಂ ಹರಾಜಿಗೆ ಬರ್ತಿತ್ತು. ನಾನು ಕ್ಲಬ್ ಉಳಿಸಿದ್ದೀನಿ ಲುದ್ವಿಕ್, ನೀನಾದ್ರೂ ಅರ್ಥ ಮಾಡ್ಕೋ."

"ಹಾಗಂತ ಮೊದಲೇ ಹೇಳಿ ಹಿಂದೆ ಸರೀಬೋದಿತ್ತಲ್ಲ," ಅಂದೆ.

"ಗ್ರಾಬೊವ್‌ಗೆ ಹೆದರಿ ಹಿಂದೆ ಸರಿದ್ವಿ ಅಂತ ಹೇಳ್ಲಾ? ಈ ಊರಲ್ಲಿ? ನನ್ನ ಕಲ್ಲು ಹೊಡೆದು ಸಾಯಿಸ್ತಿದ್ರು."

"ಅದಕ್ಕೆ ನನ್ನ ನಿಲ್ಲಿಸಿ ಹೊಡೆಸ್ದೆ," ಅಂದಳು ಗೆನ್ಯಾ.

ಅವನು ತನ್ನ ಲೋಟ ಎತ್ತಿ ಕುಡಿದ. ಅವಳೇ ಮುಂದುವರಿಸಿದಳು. "ನಿನ್ನ ಲೆಕ್ಕ ಸರೀನೇ ಇರ್ಬೋದು ರೊಮೆಕ್. ನಂಗೆ ಅದು ಬೇಕಾಗಿಲ್ಲ. ಗುರುವಾರ ಅಭಿಮಾನಿಗಳ ಸಭೆ ಇದೆ. ನೀರು ಬೇಡ ಅಂದಿದ್ದು ನಾನು, ಕೀಲಿ ತಗೊಂಡಿದ್ದು ನಾನು ಅಂತ ಎರಡು ಮಾತು ಹೇಳು. ಅಷ್ಟೇ ಸಾಕು. ನಂಗೆ ಎರಡನೇ ತಿರುವಿನಲ್ಲಿ ನಿಂತ್ಕೋಬೇಕು."

"ಹೇಳ್ತೀನಿ," ಅಂದ. ಕೈ ಕೊಟ್ಟ. ಜೈಲಿನಲ್ಲಿ ಕೈ ಕೊಟ್ಟಿದ್ದ ಹಾಗೇ, ಎರಡೂ ಕೈಯಲ್ಲಿ.

ಆ ಮೂರು ದಿನ ಗೆನ್ಯಾ ಬ್ರೆಡ್ಡು ತರಲೂ ಹೊರಗೆ ಬರಲಿಲ್ಲ. ಅವಳ ಬಾಗಿಲಿಗೆ ಯಾರೋ ಗ್ರಾಬೊವ್‌ನ ಹಸಿರು ಬಣ್ಣ ಬಳಿದಿದ್ದರು. ನಾನೇ ಸೀಮೆಎಣ್ಣೆ ಹಾಕಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಸಭೆ ನಡೆದದ್ದು ಅಗ್ನಿಶಾಮಕದವರ ಹಾಲಿನಲ್ಲಿ. ಮದುವೆಗೂ ಅದೇ, ತಿಥಿಯೂಟಕ್ಕೂ ಅದೇ. ಜನ ಕಿಟಕಿಯ ಮೇಲೂ ಕೂತಿದ್ದರು. ರೊಮೆಕ್ ಎದ್ದು ನಿಂತ. ಮೊದಲು ಅಲೊಯ್ಸ್ ಬ್ರಿಲಾನ ಹೆಸರು ತೆಗೆದ, ಮುಷ್ಕರದ ದಿನಗಳನ್ನು ನೆನೆದ, ಸಿಮೆಂಟು ಹೊತ್ತು ಸ್ಟೇಡಿಯಂ ಕಟ್ಟಿದವರನ್ನು ನೆನೆದ. ಅಷ್ಟು ಹೊತ್ತಿಗೇ ನನಗೆ ವಾಸನೆ ಬಡಿಯಿತು. ಸತ್ಯ ಹೇಳುವವನಿಗೆ ಇಷ್ಟು ಪೀಠಿಕೆ ಬೇಡ.

"ಟ್ರ್ಯಾಕಿನ ವಿಷಯ," ಅಂದ ಕೊನೆಗೆ. "ತಪ್ಪಾಗಿದೆ. ಪಾನಿ ಗೆನೊವೆಫಾ ಎಷ್ಟೋ ವರ್ಷ ನಿಷ್ಠೆಯಿಂದ ದುಡಿದಿದ್ದಾರೆ. ವಯಸ್ಸು ಯಾರನ್ನೂ ಬಿಡಲ್ಲ. ಬಕೆಟ್ ಹಿಡ್ಕೊಂಡು ಓಡಾಡಿದ್ದನ್ನ ನೀವೇ ನೋಡಿದ್ರಿ. ದಯವಿಟ್ಟು ಅವರ ಮೇಲೆ ಕೋಪ ಬೇಡ. ಕ್ಲಬ್ಬು ಅವರಿಗೆ ವಿಶ್ರಾಂತಿ ಕೊಡ್ತಾ ಇದೆ."

ಅವಳ ಪೂರ್ತಿ ಹೆಸರು ಹೇಳಿ, ಅದಕ್ಕೆ 'ಪಾನಿ' ಅಂತ ಗೌರವ ಸೇರಿಸಿದ್ದು ಅವನು ಅದೇ ಮೊದಲು. ಗೆನ್ಯಾ ನನ್ನ ಪಕ್ಕ ಕೂತಿದ್ದಳು. ಕೋಟಿನ ಗುಂಡಿ ಹಾಕಿಕೊಂಡಳು. ಆಮೇಲೆ ಎದ್ದಳು.

"ನೀರು ಬೇಡ ಅಂದವನು ಇವನು. ಟ್ಯಾಂಕರ್ ಕೀಲಿ ಇವನ ಹತ್ರ ಇತ್ತು. ನಾನು ಯಾಕೆ ಅಂತ ಕೇಳ್ಲಿಲ್ಲ. ನನ್ನ ತಪ್ಪು ಅದೊಂದೇ."

"ಕೇಳ್ಲಿಲ್ವಂತೆ," ಅಂತ ಹಿಂದಿನಿಂದ ಯಾರೋ ನಕ್ಕ. "ಟ್ರ್ಯಾಕ್ ಕಲ್ಲು ಮಾಡು ಅಂದ್ರೆ ಕೇಳ್ದೆ ಮಾಡೋಕೆ ಏನು, ಹೆಂಡ್ತಿನಾ?"

ನಾನು ಎದ್ದು, ಕಟ್ಟೆಯ ಮೇಲೆ ನಾನೇ ಕೇಳಿಸಿಕೊಂಡದ್ದನ್ನು ಹೇಳಿದೆ, ಸೋಮವಾರದ್ದನ್ನೂ ಹೇಳಿದೆ. ರೊಮೆಕ್ ಬೇಸರದಿಂದ ತಲೆಯಾಡಿಸಿದ. "ಲುದ್ವಿಕ್ ಹಳೇ ಸ್ನೇಹಕ್ಕೆ ಮಾತಾಡ್ತಾ ಇದ್ದಾನೆ," ಅಂದ. "ವಿತೆಕ್ ಇಲ್ಲೇ ಇದ್ದಾನಲ್ಲ, ಅವನನ್ನೇ ಕೇಳಿ. ಹೇಳಪ್ಪ, ನೀರು ಹಾಕು ಅಂತ ನೀನು ಹೇಳಿದ್ಯಾ ಇಲ್ವಾ?"

ವಿತೆಕ್ ಗೋಡೆಗೆ ಒರಗಿ ನಿಂತಿದ್ದ. ಬೇಲಿಗೆ ಬಡಿದ ಕೈಗೆ ಪಟ್ಟಿ ಇತ್ತು. ಬಿಡುವಿನಲ್ಲಿ ಗೆನ್ಯಾ ಕೀಲಿಗಾಗಿ ಟ್ಯಾಂಕರಿನ ಕೆಳಗೆಲ್ಲ ಹುಡುಕಿದ್ದು ಅವನಿಗೆ ಗೊತ್ತು, ಅವನೇ ಬಗ್ಗಿ ಹುಡುಕಿದ್ದ.

"ಹೇಳ್ದೆ," ಅಂದ.

"ಹಾಕಿದ್ರಾ?"

"ಇಲ್ಲ."

ಅಷ್ಟೇ. ಎರಡೂ ಮಾತು ಸತ್ಯ. ಜೈಲಿನಲ್ಲಿ ನನಗೆ ಸುಳ್ಳು ಹೇಳುವ ಪೊಲೀಸರನ್ನು ಕಂಡು ಅಭ್ಯಾಸವಿತ್ತು. ಇಂಥ ಸತ್ಯವನ್ನು ಆವತ್ತು ಮೊದಲು ಕಂಡೆ. ಗೆನ್ಯಾ ಅವನನ್ನು ನೋಡುತ್ತಲೇ ಇದ್ದಳು. ಅವನು ಪಟ್ಟಿಯ ಗಂಟು ಸರಿಮಾಡಿಕೊಂಡ. ಚಳಿಗಾಲದಲ್ಲಿ ಗ್ರಾಬೊವ್ ಜತೆ ಸಹಿ ಹಾಕಿ ಮೇಲಿನ ಲೀಗಿಗೆ ಹೋದ. ಊರು ಅವನನ್ನು ಬೈಯಿತು ನಿಜ, ಆದರೆ "ಪಾಪ, ಆ ಮುದುಕಿಯ ಟ್ರ್ಯಾಕಿನ ಮೇಲೆ ಯಾರು ತಾನೇ ಇರ್ತಾರೆ" ಅಂತ ಸೇರಿಸಿಯೇ ಬೈಯಿತು.

ವಸಂತದಲ್ಲಿ ಸೀಸನ್ನಿನ ಮೊದಲ ಪಂದ್ಯಕ್ಕೆ ಗೆನ್ಯಾ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಎರಡನೇ ತಿರುವಿನ ಮೆಟ್ಟಿಲಿನಲ್ಲಿ ಅವಳನ್ನು ಕಂಡವರು ಭುಜಕ್ಕೆ ಭುಜ ಸೇರಿಸಿ ನಿಂತರು. ಜಾಗವಿರಲಿಲ್ಲ, ಅಷ್ಟೇ. ಅವಳು ಒಂದು ಗಳಿಗೆ ನಿಂತು ನೋಡಿ, ಮೆಟ್ಟಿಲಿಳಿದು ಎದುರು ತಂಡದವರ ಪಂಜರದ ಕಡೆ ನಡೆದಳು. ಹೊರ ಊರಿನ ಅಭಿಮಾನಿಗಳಿಗೆ ತಂತಿ ಬೇಲಿ ಹಾಕಿದ ಜಾಗ ಅದು. ಆವತ್ತು ಪೂರ್ವದ ಕಡೆಯ ಒಂದು ಸಣ್ಣ ಊರಿನ ತಂಡ ಬಂದಿತ್ತು, ಒಂದು ಬಸ್ಸಿನಷ್ಟು ಜನ.

ಗೇಟಿನವನಿಗೆ ಅವಳು ಗೊತ್ತಿದ್ದಳು. "ಚಿಕ್ಕಮ್ಮ, ನಿಮ್ಮ ಕಡೆ ಆಚೆ."

"ಟಿಕೆಟ್ ಇದೆ. ಬಿಡು."

"ಇಲ್ಲಿ ಅವರೋರಿಗೆ ಮಾತ್ರ."

"ನನ್ನ ಮುಖ ನೋಡಿ ಹೇಳು, ನಾನು ನಿಮ್ಮೋಳಾ?"

ಅವನು ಗೇಟು ತೆಗೆದ. ನಾನೂ ಹಿಂದೆ ಹೋದೆ. ಸುಳ್ಳೇಕೆ, ನನಗೆ ನಾಚಿಕೆಯಾಯಿತು. ಕೊರಳಲ್ಲಿ ನಮ್ಮ ತಂಡದ ಸ್ಕಾರ್ಫಿತ್ತು, ಕೋಟಿನೊಳಗೆ ತುರುಕಿಕೊಂಡೆ.

ಒಳಗೆ ಒಬ್ಬ ಹೊಟ್ಟೆಯವನು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಗೆನ್ಯಾಳಿಗೆ ಪೊಟ್ಟಣ ಚಾಚಿದ. "ನಮ್ಮೂರಲ್ಲಿ ನೋಡಿದ ಹಾಗಿಲ್ವಲ್ಲ ಅಮ್ಮ ನಿಮ್ಮನ್ನ?"

"ನೋಡಿರಲ್ಲ."

"ಹಾಗಾದ್ರೆ ಇವರೋರಾ?"

"ಇನ್ನೊಂದಿಷ್ಟು ಬೀಜ ಹಾಕಪ್ಪ ಕೈಗೆ."

ಹೊಸ ಟ್ರ್ಯಾಕಿನವನು ಅಗತ್ಯಕ್ಕಿಂತ ಹೆಚ್ಚು ನೀರು ಹಾಕಿದ್ದ. ಹೊರಬದಿ ದಪ್ಪಗಿತ್ತು. ನಮ್ಮವರು ಅಲ್ಲಿಂದಲೇ ಹಾದು ಹಾದು ಗೆಲ್ಲುತ್ತಿದ್ದರು. ಎರಡನೇ ತಿರುವು ಕುಣಿಯುತ್ತಿತ್ತು. ಹೊಟ್ಟೆಯವನು 'ಥೂ' ಅಂದ. "ನಮ್ಮ ಹುಡುಗರು ಹೊರಗೆ ಹೋದ್ರೆ ಸಿಕ್ಕಾಕೊಳ್ತಾರೆ, ಒಳಗೆ ಬಂದ್ರೆ ಜಾರ್ತಾರೆ. ಎಲ್ಲಿ ಹೋಗ್ಬೇಕು ಇವರು, ಆಕಾಶದಲ್ಲಾ?"

ಗೆನ್ಯಾ ಕೆಲವು ಓಟ ಸುಮ್ಮನೆ ನೋಡಿದಳು. ಬೀಜದ ಸಿಪ್ಪೆ ಉಗುಳುತ್ತಿದ್ದಳು. ಆಮೇಲೆ ಟ್ರ್ಯಾಕಿನಿಂದ ಕಣ್ಣು ತೆಗೆಯದೆಯೇ ಹೇಳಿದಳು.

"ನಾಲ್ಕನೇ ತಿರುವಿನಲ್ಲಿ ಒಳಗೆ ಹೋಗೋಕೆ ಹೇಳು. ಬಿಳಿ ಗೆರೆಗೆ ಅಂಟ್ಕೊಂಡು. ಅಲ್ಲಿ ಕೆಳಗೆ ಹಳೇ ನೀರಿನ ಪೈಪ್ ಸೋರತ್ತೆ. ಒಂದು ಮೊಳ ಅಗಲಕ್ಕೆ ಹದ ಯಾವತ್ತೂ ಬಿಡಲ್ಲ. ಚಕ್ರ ಕಚ್ಚತ್ತೆ."

"ಗೆನ್ಯಾ," ಅಂದೆ.

"ಏನು?"

ಏನಂತ ಹೇಳಲಿ? ಅದು ನಮ್ಮ ತಂಡ. "ಏನಿಲ್ಲ," ಅಂದೆ.

ಹೊಟ್ಟೆಯವನು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಮೊಬೈಲು ತೆಗೆದು, ತಂಡದ ಮೆಕ್ಯಾನಿಕ್ಕಿಗೆ ಇರಬೇಕು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. ಮುಂದಿನ ಓಟದಲ್ಲಿ ಬಿಳಿ ಹೆಲ್ಮೆಟ್ಟಿನವನೊಬ್ಬ ನಾಲ್ಕನೇ ತಿರುವಿನ ಒಳಗೆ ತೂರಿಕೊಂಡ, ಬೈಕು ಗಕ್ಕನೆ ನೆಲ ಹಿಡಿಯಿತು, ನಮ್ಮ ಇಬ್ಬರನ್ನೂ ಬಿಟ್ಟು ಹೋದ. ಅದರ ಮುಂದಿನದರಲ್ಲೂ ಹಾಗೇ. ನಮ್ಮವರಿಗೆ ಅದು ಹೇಗಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಗೊತ್ತಿದ್ದವಳು ತಂತಿಬೇಲಿಯ ಈಚೆ ಇದ್ದಳು. ಪಂಜರದಲ್ಲಿದ್ದವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಗೆನ್ಯಾಳನ್ನೂ ಅಪ್ಪಿದರು. ಅವಳು ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ. ಕೊನೆಯ ಓಟದಲ್ಲಿ ನಾವು ಪಂದ್ಯ ಸೋತೆವು.

ಅವಳು ಪಂಜರದಲ್ಲಿದ್ದದ್ದನ್ನು ಊರೆಲ್ಲ ನೋಡಿತ್ತು. ಹೊರಗೆ ಬರುವಾಗ ಸಾಸೇಜಿನ ಗಾಡಿಯ ಹತ್ತಿರ ಒಬ್ಬ ಕೂಗಿದ: "ಮತ್ತೆ ಮಾರಿದ್ಯಾ ಮುದುಕಿ?"

ಗೆನ್ಯಾ ನಿಂತಳು. "ಮತ್ತೆ ಅಲ್ಲ ಕಣೋ. ಇವತ್ತು ಮೊದಲ ಸಲ," ಅಂದಳು. "ರೊಮೆಕ್‌ಗೆ ಹೋಗಿ ಹೇಳು, ಪುಕ್ಕಟೆ ಮಾರಿದ್ಲು ಅಂತ."

ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತಿದ್ದವರು ಅವಳನ್ನು ಕಂಡು ಒಬ್ಬೊಬ್ಬರಾಗಿ ಎದ್ದು ಆಚೆ ಹೋಗಿ ನಿಂತರು. ಗೆನ್ಯಾ ಬೆಂಚಿನ ನಡುವೆ ಕೂತಳು, ಮಂಡಿ ನೀವಿಕೊಂಡಳು.

"ನಿಂತ್ಕೊಂಡೇ ಇರ್ತೀಯೇನೋ ಲುದ್ವಿಕ್? ಜಾಗ ಆಯ್ತಲ್ಲ, ಕೂರು."